ಬಾಲದ ಕಡೆಯ ಸಾಲು

ಹೊಸೂರು
ಭಾನುವಾರ, ೧೪ ಡಿಸೆಂಬರ್ ೨೦೨೫

ಮಗಳು ನಂದಿತಾಗೆ ನಿನ್ನ ಮಾವ ಮಾಡುವ ಆಶೀರ್ವಾದ.

ಈಗ ಮಧ್ಯಾಹ್ನ ಮೂರೂವರೆ. ಬೆಳಗಿನಿಂದ ಹನ್ನೊಂದು ರಿವೆಟ್ ಹೊಡೆದು, ಒಂಬತ್ತನ್ನು ಮತ್ತೆ ಕೊರೆದು ತೆಗೆದೆವು. ದೀಪಾವಳಿಗೇ ಬರೆಯಬೇಕಿದ್ದ ಕಾಗದ ಇದು, ತಡವಾಯಿತು, ಬೇಸರಪಡಬೇಡ. ಸೊಸೆಗೆ ‘ಚಿ. ಸೌ.’ ಎಂದು ಶುರು ಮಾಡುವುದು ರೂಢಿ. ಇನ್ನು ಹಾಗೆ ಬರೆಯುವಂತಿಲ್ಲ. ಬೇರೆ ಹೇಗೆಂದು ತಿಳಿಯದೆ ಎರಡು ಹಾಳೆ ಹರಿದೆ.

ನಮ್ಮ ಕುಮಾರೇಶ ಹೋಗಿ ಒಂಬತ್ತು ತಿಂಗಳಾಯಿತು. ಅವನು ಬಿಡಿಭಾಗಗಳ ಕಿಟ್ ತರಿಸಿ ಕಟ್ಟುತ್ತಿದ್ದ ವಿಮಾನದ ಒಡಲು ಶೆಡ್ಡಿನಲ್ಲೇ ಇದೆ, ಬಾಲದ ಕಡೆ ತಗಡು ಬೆಸೆಯುವ ರಿವೆಟ್ಟಿನ ಒಂದು ಸಾಲು ಬಾಕಿ. ಅವನು ಹೊರಗಿನಿಂದ ರಿವೆಟ್ ಗನ್ ಹೊಡೆಯುವಾಗ ನೀನು ಒಳಗೆ ಮಲಗಿ ಉಕ್ಕಿನ ತುಂಡನ್ನು ರಿವೆಟ್ಟಿನ ತುದಿಗೆ ಒತ್ತಿ ಹಿಡಿಯುತ್ತಿದ್ದೆ. ಒಬ್ಬರಿಂದ ಆಗುವ ಕೆಲಸವಲ್ಲ. ಹಾಗಾಗಿ ವಿಮಾನದ ಫ್ಯಾಕ್ಟರಿಯಲ್ಲಿ ನನ್ನ ಜೊತೆಗಿದ್ದ ಮುರುಗೇಶನನ್ನು ಕರೆದೆ. ಅವನ ಹೊಟ್ಟೆ ಒಡಲಿನ ಎರಡನೇ ಚೌಕಟ್ಟಿನಲ್ಲೇ ಸಿಕ್ಕಿಕೊಂಡಿತು.

“ಅಣ್ಣೇ, ಕಾಲು ಹಿಡ್ದು ಎಳೀರಿ! ಮುಂದ್ಕೂ ಆಗ್ತಿಲ್ಲ, ಹಿಂದ್ಕೂ ಆಗ್ತಿಲ್ಲ!”

ಕಾಫಿ ತಂದ ನಿನ್ನ ಅತ್ತೆ, “ವಿಮಾನ ಹಾರೋದು ಆಮೇಲಾಯ್ತದೆ, ಮೊದ್ಲು ನೀನು ಆಚೆ ಬಾರಪ್ಪ” ಎಂದು ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ತನ್ನನ್ನೇ ಬೈದುಕೊಂಡು, ಲೋಟಗಳನ್ನು ಅಲ್ಲೇ ಬಿಟ್ಟು ಹೋದಳು.

ಆಮೇಲೆ ನಾನೇ ಒಳಗೆ ತೂರಿದೆ. ಉಕ್ಕಿನ ತುಂಡು ಜಾರುತ್ತಿತ್ತು, ರಿವೆಟ್ಟುಗಳು ಸೊಟ್ಟಗಾದವು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು.

ಮೊನ್ನೆ ಕೆಲಮಂಗಲದಿಂದ ನಿನ್ನಮ್ಮ ಫೋನ್ ಮಾಡಿದ್ದರು. “ಊಟಾನೇ ಬಿಟ್ಟವ್ಳೆ ಅಣ್ಣ. ‘ಆವತ್ತು ನಾನು ಜಗಳ ಆಡಿದ್ಕೇ ಗಾಡಿ ಎತ್ಕೊಂಡು ಹೋಗ್ಬುಟ್ರು, ಲಾರಿಗೆ ಸಿಕ್ಕಿದ್ದು ನನ್ನಿಂದ್ಲೇ’ ಅಂತ ಒಂದೇ ಸಮ ಅಳ್ತಾಳೆ. ನೀವಾದ್ರೂ ಒಂದು ಮಾತು ಹೇಳಿ” ಎಂದರು. ಸಮಾಧಾನ ಮಾಡಿ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಹೊತ್ತಿಗೆ ಸರಿಯಾಗಿ ಒಂದು ತುತ್ತಾದರೂ ಉಣ್ಣು. ದೇವರು ನಿನಗೆ ನಿದ್ದೆ ಕೊಡಲಿ. ನಿನಗಾಗಿ ಸದ್ಯಕ್ಕೆ ಅಷ್ಟನ್ನೇ ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ಮಾವ,
ಹನುಮಂತರಾಯಪ್ಪ

ವಿ.ಸೂ.: ಅವನು ನಿನ್ನ ಮೇಲಿನ ಕೋಪಕ್ಕೆ ಹೋದದ್ದಲ್ಲ ತಾಯಿ. ರಿವೆಟ್ ಮುಗಿದಿದೆ, ಸೂಳಗಿರಿಯ ಮುನಿಕೃಷ್ಣನ ಹತ್ತಿರ ಇಸಕೊಂಡು ಬಾ ಎಂದು ನಾನೇ ಕಳಿಸಿದೆ. ಮುಗಿದಿರಲಿಲ್ಲ. ಫ್ಯಾಕ್ಟರಿಯಲ್ಲಿ ಕೆಲವು ಬಗೆಯ ರಿವೆಟ್ಟುಗಳು ಮೆತ್ತಗೇ ಇರಲೆಂದು ಫ್ರೀಜರಿನಲ್ಲಿ ಇಡುತ್ತಿದ್ದೆವು. ಇವಕ್ಕೆ ಅದು ಬೇಕಿಲ್ಲ. ಆದರೂ ಹಳೆಯ ಅಭ್ಯಾಸಕ್ಕೆ ಹೊಸ ಡಬ್ಬಿಯನ್ನು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ಮರೆತಿದ್ದೆ. ಹನ್ನೊಂದನೆಯ ದಿನ, ಬಂದವರಿಗೆ ಐಸ್ ತೆಗೆಯಲು ಹೋದಾಗ ಸಿಕ್ಕಿತು. ಯಾರಿಗೂ ಹೇಳಲಿಲ್ಲ, ನಿನ್ನ ಅತ್ತೆಗೂ. ನೀನು ನಿನ್ನನ್ನೇ ದೂರಿಕೊಳ್ಳುತ್ತಿರುವುದು ಗೊತ್ತಿದ್ದೂ ಸುಮ್ಮನಿದ್ದೆ.

ನಾಳೆ ಸೋಮವಾರ. ಅಂಚೆ ಕಚೇರಿ ಒಂಬತ್ತಕ್ಕೆ ತೆಗೆಯುತ್ತದೆ.