ಅತ್ತೆಗೊಂದು ಶ್ರುತಿಪೆಟ್ಟಿಗೆ

೮ ಜೂನ್ ೧೯೫೮, ಭಾನುವಾರ

ಹಳೆ ಸಾಮಾನು ಸಿಗುವ ಮೂರ್ ಮಾರ್ಕೆಟ್‌ಗೆ ಹೋಗಿ ಬಂದೆ. ಎರಡು ವಾಲ್ವ್, ಹಳೆಯ ರೇಡಿಯೋದಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರ್, ಒಂದು ಸ್ಪೀಕರ್, ಏಳೆಂಟು ಕಂಡೆನ್ಸರ್. ಅಂಗಡಿಯ ಮುದಲಿಯಾರ್ ಕೇಳಿದರು, "ಎನ್ನ ಸಾರ್, ರೇಡಿಯೋವಾ?" ಅಲ್ಲ, ತಂಬೂರಿ ಎಂದೆ. "ತಂಬೂರಾವುಕ್ಕು ವಾಲ್ವ್ ಎದುಕ್ಕು ಸಾರ್?" ತಂಬೂರಿಗೆ ವಾಲ್ವ್ ಯಾಕೆ, ಸೋರೆ ಬುರುಡೆ ಸಾಕಲ್ಲವೇ ಎಂದು ಕೈಯಲ್ಲೇ ಬುರುಡೆಯ ಆಕಾರ ತೋರಿಸಿದರು.

ಅತ್ತೆಗೆ ಇನ್ನೂ ಹೇಳಿಲ್ಲ.

೧೨ ಜೂನ್

ಅನಸೂಯ ತೀರಿಹೋಗಿ ಹತ್ತು ತಿಂಗಳು. ಅಂದಿನಿಂದ ಅತ್ತೆ ಹಾಡಿಲ್ಲ. ಪಾಠಕ್ಕೆ ಬರುತ್ತಿದ್ದ ಮಕ್ಕಳನ್ನು "ಸ್ವಲ್ಪ ದಿನ ಹೋಗ್ಲಿ" ಎಂದು ಕಳಿಸಿದವರು ಮತ್ತೆ ಕರೆದಿಲ್ಲ. ತಂಬೂರಿ ಗವಸು ಹಾಕಿಕೊಂಡು ಮೂಲೆಯಲ್ಲಿದೆ. ಮೀಟುತ್ತಿದ್ದವಳು ಮಗಳು, ನನ್ನ ಹೆಂಡತಿ. ಅತ್ತೆಯ ಬೆರಳ ಗಂಟುಗಳು ಊದಿಕೊಂಡಿವೆ, ಆಗುವುದಿಲ್ಲ. ಯುಗಾದಿಯ ದಿನ ನಾನು ಮೀಟಿದೆ. ಎರಡು ನಿಮಿಷ ಸಹಿಸಿದರು. ಆಮೇಲೆ, "ಸಾಕು, ಕಾಫಿ ಆರ್ತದೆ" ಎಂದರು. ಕಾಫಿ ಇನ್ನೂ ಮಾಡಿರಲಿಲ್ಲ.

ನನಗೆ ಬರುವುದು ರೈಲ್ವೆಯ ಟೆಲಿಫೋನ್ ರಿಪೇರಿ ಒಂದೇ. ತಂತಿಯಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಅದನ್ನು ನಿಲ್ಲಿಸುವುದು ನನ್ನ ಕೆಲಸ. ಈಗ ಬೇಕೆಂದೇ ಬರಿಸಬೇಕು.

೧೫ ಜೂನ್, ಭಾನುವಾರ

ಮನೆಯ ಒಡತಿ ಗೋದಾಬಾಯಿ ಮೇಲೆ ಬಂದಿದ್ದರು. ಧಾರವಾಡದವರು, ಮಾತಿನಲ್ಲಿ ಮುಚ್ಚುಮರೆ ಇಲ್ಲ. "ಮಗಳ ಇಲ್ಲದ ಮ್ಯಾಲೆ ಅಳಿಯನ ಮನ್ಯಾಗ ಯಾಕ ಇರ್ತೀರಿ ಚಂದ್ರಮತಿಬಾಯಿ? ಮಗಾ ಇದ್ದಾನಲ್ಲ."

"ವರ್ಷಾಂತಿಕ ಆಗ್ಲಿ ಅಂತ ಇದ್ದೇನೆ. ಆಮೇಲೆ ಕೃಷ್ಣಪ್ರಸಾದ ಬಂದು ಕರ್ಕೊಂಡು ಹೋಗ್ತಾನೆ."

ನಾನು ಒಳಗೆ ಬೆಸುಗೆ ಹಾಕುತ್ತಿದ್ದೆ. ಕೈ ಸುಟ್ಟುಕೊಂಡೆ.

ಆಗಸ್ಟ್ ಏಳಕ್ಕೆ ವರ್ಷಾಂತಿಕ. ಅಷ್ಟರಲ್ಲಿ ಈ ಪೆಟ್ಟಿಗೆ ಹಾಡಬೇಕು. ಅತ್ತೆ ಹಾಡಿದರೆ ಮಕ್ಕಳು ಬರುತ್ತಾರೆ. ಮಕ್ಕಳು ಬಂದರೆ ಅತ್ತೆಗೆ ಇಲ್ಲಿರಲು ಒಂದು ಕಾರಣ. ಇರಿ ಎಂದು ಬಾಯಿಬಿಟ್ಟು ಹೇಳಲು ನನಗೆ ಆಗುವುದಿಲ್ಲ. ಯಾವ ಅಧಿಕಾರದಿಂದ ಹೇಳಲಿ?

೨೨ ಜೂನ್

ಅತ್ತೆ ಕಂಡುಹಿಡಿದರು. ಮೇಜಿನ ಮೇಲೆ ಹರಡಿದ್ದನ್ನು ನೋಡಿ, "ಎಂತದು ಇದೆಲ್ಲ? ಆಫೀಸಿನದ್ದಾ?" ಎಂದರು.

"ಶ್ರುತಿಪೆಟ್ಟಿಗೆ. ಕರೆಂಟಿನದು. ಯಾರೂ ಮೀಟುವುದು ಬೇಡ."

ಅತ್ತೆ ಕಂಡೆನ್ಸರ್ ಒಂದನ್ನು ಎತ್ತಿಕೊಂಡು, "ಇದು ಎಂತ ಮಾಡ್ತದೆ?"

ದೊಡ್ಡದು ಹಾಕಿದರೆ ಸ್ವರ ಕೆಳಗೆ, ಚಿಕ್ಕದು ಹಾಕಿದರೆ ಮೇಲೆ ಎಂದೆ. ಮೈಮೇಲೆ ಬರೆದ ನಂಬರನ್ನು ಕನ್ನಡಕ ಏರಿಸಿ ಓದಿದರು. ಇದ್ದ ಜಾಗದಲ್ಲೇ ಇಟ್ಟರು.

೨೯ ಜೂನ್

ಮೊದಲ ಸದ್ದು ಬಂತು. ಅಡುಗೆಮನೆಯಿಂದ ಅತ್ತೆ — "ಎಮ್ಮೆ ಕರು ಯಾರ ಮನೇದು?"

ಈ ಹತ್ತು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ.

೬ ಜುಲೈ, ಭಾನುವಾರ

ಚಹಾದ ಪೆಟ್ಟಿಗೆಯ ಹಲಗೆಯಿಂದ ಡಬ್ಬ ಮಾಡಿದೆ. ಸ್ಪೀಕರ್ ಮುಂದೆ ದಪ್ಪ ಬಟ್ಟೆ. ಈಗ ಕರು ಅಲ್ಲ, ಜೇನು. ಷಡ್ಜ ಒಂದು, ಪಂಚಮ ಒಂದು. ಪಂಚಮ ಸರಿ ಕೂಡಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಎರಡೂ ಕೂಡಿದಾಗ ನಡುವಿನ ಅಲುಗಾಟ ನಿಲ್ಲುತ್ತದೆ. ಅದು ಟೆಲಿಫೋನ್‌ನವನಿಗೂ ಗೊತ್ತಾಗುತ್ತದೆ.

ಷಡ್ಜವನ್ನು ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಯಾರನ್ನೂ ಕೇಳಲಿಲ್ಲ. ಆರು ವರ್ಷ ಈ ಮನೆಯಲ್ಲಿ ಕೇಳಿದ್ದೇನೆ. ಕಂಡೆನ್ಸರ್ ಒಂದೊಂದೇ ಬದಲಿಸುತ್ತ ಹೋದೆ. ಒಂದು ಕಡೆ ಬಂದಾಗ — ಇದೇ ಎನ್ನಿಸಿತು. ಅಲ್ಲೇ ಬೆಸೆದುಬಿಟ್ಟೆ.

೭ ಜುಲೈ, ಸಂಜೆ

ಅತ್ತೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಬಂದು ಚಾಪೆಯ ಮೇಲೆ ಕೂತರು. ಸ್ವಿಚ್ ಹಾಕಿದೆ. ವಾಲ್ವ್ ಕಾಯಲು ಒಂದು ನಿಮಿಷ. ಸದ್ದು ಬಂತು.

ಬಾಯಿ ತೆರೆದರು. ಮುಚ್ಚಿದರು. ಸೆರಗು ಹಿಡಿದುಕೊಂಡು ಎದ್ದು ಒಳಗೆ ಹೋದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ, ಏನು ತಪ್ಪಾಯಿತು?

"ತಪ್ಪಿಲ್ಲ. ಶುದ್ಧ ಉಂಟು. ಆದರೆ ಅದು ನನ್ನ ಶ್ರುತಿ ಅಲ್ಲ. ನಂದು ನಾಲ್ಕೂವರೆ. ಇದು ಅದಕ್ಕಿಂತ ಮೇಲೆ, ಐದೂವರೆ... ಅವಳದ್ದು."

ಪಾಠ ಮುಗಿದು ಮಕ್ಕಳು ಹೋದ ಮೇಲೆ ಅನಸೂಯ ತಂಬೂರಿಯ ಶ್ರುತಿ ಏರಿಸಿಕೊಂಡು ತಾನೊಬ್ಬಳೇ ಹಾಡಿಕೊಳ್ಳುತ್ತಿದ್ದಳು. ನಾನು ಡ್ಯೂಟಿ ಮುಗಿಸಿ ಬರುತ್ತಿದ್ದದ್ದು ಆ ಹೊತ್ತಿಗೆ. ಪಾಠದ ಶ್ರುತಿ ನಾನು ಕೇಳಿಯೇ ಇಲ್ಲ.

೧೯ ಜುಲೈ

ಪೆಟ್ಟಿಗೆ ಮುಟ್ಟಿಲ್ಲ. ಅತ್ತೆಯೂ ಕೇಳಿಲ್ಲ. ಕೃಷ್ಣಪ್ರಸಾದನ ಕಾಗದ — ಭಾವ, ನಾಲ್ಕನೇ ತಾರೀಕು ಬರುತ್ತೇನೆ, ಹತ್ತಕ್ಕೆ ಮಂಗಳೂರು ಮೇಲ್‌ಗೆ ಅಮ್ಮನದೂ ನನ್ನದೂ ಟಿಕೆಟ್ ಆಗಿದೆ.

೨೦ ಜುಲೈ, ಭಾನುವಾರ

ಬೆಸುಗೆ ಕಡ್ಡಿ ಬಿಸಿಗಿಟ್ಟು ಕೂತೆ. ಒಂದು ಕಂಡೆನ್ಸರ್ ತೆಗೆದು ಇನ್ನೊಂದು ಹಾಕುವುದು ಐದು ನಿಮಿಷದ ಕೆಲಸ. ಅರ್ಧ ಗಂಟೆಯಾದರೂ ಕೈ ಏಳಲಿಲ್ಲ.

ಅತ್ತೆ ಬಂದು ಎದುರಿಗೆ ಕೂತರು. "ತೆಗೆಯುವ ಮೊದಲು ಒಂದು ಸಲ ಹಾಕಿ. ಆ ದಿನ ನಾನು ಎದ್ದು ಹೋದೆ, ನೀವೂ ಕೇಳಲಿಲ್ಲ."

ಹಾಕಿದೆ. ಇಬ್ಬರೂ ಕೇಳಿದೆವು. ಬೇರೇನೂ ಇಲ್ಲ, ಬರೀ ಷಡ್ಜ, ಪಂಚಮ. ಅತ್ತೆ ಬತ್ತಿ ಹೊಸೆಯುತ್ತಿದ್ದರು. ಒಂದು ಕಟ್ಟು ಮುಗಿದ ಮೇಲೆ, "ಮೇಲಿನ ಷಡ್ಜದಲ್ಲಿ ಅವಳಿಗೆ ಸ್ವಲ್ಪ ಅವಸರ" ಎಂದರು. "ಎಲ್ಲದರಲ್ಲೂ" ಎಂದೆ. ನಕ್ಕರು. ನಾನೂ.

ಆಮೇಲೆ ಬಿಚ್ಚಿದೆ. ಅತ್ತೆ ಬಾಯಲ್ಲಿ ಸ್ವರ ಹಿಡಿದರು — ಬಹಳ ಸಣ್ಣಗೆ, ಒಡೆದ ಹಾಗೆ. ಅದಕ್ಕೆ ಕೂಡಿಸಿದೆ. "ಇನ್ನು ಕೆಳಗೆ... ಕೆಳಗೆ... ಅಷ್ಟು ಬೇಡ, ನಾನೇನು ಮುದುಕಿಯಾ?"

ಆಯಿತು. ನಾಲ್ಕೂವರೆ.

೨೫ ಜುಲೈ

ದಿನಾ ಬೆಳಗ್ಗೆ ಹತ್ತು ನಿಮಿಷ ಹಾಡುತ್ತಾರೆ. ನಾನು ಸ್ನಾನಕ್ಕೆ ಹೋದಾಗ ಮಾತ್ರ. ಈಗ ಸ್ನಾನ ನಿಧಾನ ಮಾಡುತ್ತೇನೆ. ಆಫೀಸಿಗೆ ಎರಡು ಸಲ ಲೇಟ್.

೭ ಆಗಸ್ಟ್

ವರ್ಷಾಂತಿಕ ಆಯಿತು. ಬರೆಯಲು ಏನೂ ಇಲ್ಲ.

೯ ಆಗಸ್ಟ್, ಶನಿವಾರ

ಅತ್ತೆಯ ಟ್ರಂಕ್ ಹಗ್ಗ ಬಿಗಿದು ಬಾಗಿಲ ಬಳಿ. ಕೃಷ್ಣಪ್ರಸಾದ ಪೆಟ್ಟಿಗೆಯ ಸುತ್ತ ತಿರುಗಿ ನೋಡಿ, "ಭಾವ, ಇದನ್ನೂ ಕಟ್ಟುವನಾ? ಅಮ್ಮನಿಗೆ ಊರಲ್ಲಿ ಆಗ್ತದೆ" ಎಂದ. ಒಳ್ಳೆಯ ಹುಡುಗ. ಹಳೆಯ ಪಂಚೆ ತಂದು ಸುತ್ತಲು ಕೂತೆ.

ಅತ್ತೆ ಅಡುಗೆಮನೆಯಿಂದಲೇ, "ಅದು ಇನ್ನೂ ಅರ್ಧವೇ ಆದದ್ದು. ಕೆಳಗಿನ ಷಡ್ಜ ಎಲ್ಲುಂಟು ಅದರಲ್ಲಿ? ತಂಬೂರಿ ಅಂದ ಮೇಲೆ ಮಂದ್ರ ಬೇಡವಾ?"

"ಭಾವ ಮಾಡಿ ಪಾರ್ಸೆಲ್ ಕಳಿಸ್ತಾರಮ್ಮ."

"ಅವರಿಗೆ ಕಿವಿ ಇಲ್ಲ ಮಾರಾಯ. ನಾನು ಕೂತು ಹೇಳದಿದ್ದರೆ ಪುನಃ ಎಮ್ಮೆ ಕರು ಆಗ್ತದೆ."

ಕೃಷ್ಣಪ್ರಸಾದ ನನ್ನನ್ನು ನೋಡಿದ. "ಎಷ್ಟು ದಿನದ ಕೆಲಸ ಭಾವ?"

ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಕೈಯಲ್ಲಿ ಸೌಟು.

"ಹೇಳಲಿಕ್ಕಾಗುವುದಿಲ್ಲ. ಅಷ್ಟು ದೊಡ್ಡ ಕಂಡೆನ್ಸರ್ ಸುಲಭಕ್ಕೆ ಸಿಗುವುದಿಲ್ಲ" ಎಂದೆ.

"ಹಾಗಾದರೆ ನವರಾತ್ರಿ ಕಳೆಯಲಿ" ಎಂದರು ಅತ್ತೆ, ಸಾರಿಗೆ ಉಪ್ಪು ಹಾಕುವಷ್ಟು ಸಲೀಸಾಗಿ.

೧೦ ಆಗಸ್ಟ್

ಕೃಷ್ಣಪ್ರಸಾದನನ್ನು ರೈಲು ಹತ್ತಿಸಿ ಬಂದೆ. ಒಂದು ಟಿಕೆಟ್ ವಾಪಸು. ಕಿಟಕಿಯಿಂದ, "ಅಮ್ಮ ಹಾಡ್ತಾಳಾ ಭಾವ, ನಿಜವಾಗಿ?" ಎಂದು ಕೇಳಿದ. ನಾನು ಸ್ನಾನಕ್ಕೆ ಹೋದಾಗ ಎಂದೆ.

೧೯ ಆಗಸ್ಟ್

ಮೂರ್ ಮಾರ್ಕೆಟ್. ಮುದಲಿಯಾರ್ ಮೊದಲ ಡಬ್ಬದಲ್ಲೇ ಕೈ ಹಾಕಿ ತೆಗೆದುಕೊಟ್ಟರು. ಸರಿಯಾದ ಅಳತೆ, ಹೊಚ್ಚ ಹೊಸತು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದೆ.

"ಸಿಕ್ಕಿತಾ?"

"ಇಲ್ಲ ಅತ್ತೆ."

"ಸಿಗಲಿಕ್ಕಿಲ್ಲ. ಅವಸರ ಎಂತದು."

೨೦ ಆಗಸ್ಟ್, ಸಂಜೆ

ಅಂಗಿ ಒಗೆಯಲು ಹೋಗಿದೆ. ಜೇಬಿನಲ್ಲಿದ್ದದ್ದೆಲ್ಲ ಮೇಜಿನ ಮೇಲೆ ಸಾಲಾಗಿ — ಪಾಸು, ಪೆನ್ನು, ಬಸ್ ಟಿಕೆಟ್, ಕಂಡೆನ್ಸರ್. ನಂಬರ್ ಬರೆದ ಬದಿ ಕೆಳಗೆ ಮಾಡಿ ಇಟ್ಟಿದ್ದಾರೆ ಅತ್ತೆ.

ಪಾಠದ ಮಕ್ಕಳು ಐದು ಜನ ಮತ್ತೆ ಬಂದು ಚಾಪೆಯ ಮೇಲೆ ಕೂತಿದ್ದಾರೆ. ಅತ್ತೆ ಕರೆಯುತ್ತಿದ್ದಾರೆ, ಸ್ವಿಚ್ ಹಾಕಬೇಕಂತೆ. ಅವರಿಗೆ ಹಾಕಲು ಬರುತ್ತದೆ. ದಿನಾ ಬೆಳಗ್ಗೆ ಅವರೇ ಹಾಕುತ್ತಾರೆ. ಆದರೂ ನಾನೇ—