ಹೊಟ್ಟೆ ಒತ್ತಿದ ಹೆಬ್ಬೆರಳು

ಅಕ್ಕಾ,

ಮೀನು ಸಾಕುವ ಕೇಂದ್ರಕ್ಕೆ ಕ್ಷೇಮವಾಗಿ ತಲುಪಿದೆವು. ನಮ್ಮ ಜಿರೊಂಡ್ ಅಳಿವೆಯಲ್ಲಿ ಈಗ ಕಣ್ಣಿಗೇ ಬೀಳದ ಸ್ಟರ್ಜನ್ ಮೀನು ಇಲ್ಲಿ ತಗಡಿನ ಛಾವಣಿಯ ಕೆಳಗೆ ತೊಟ್ಟಿಯಲ್ಲಿ ಈಜುತ್ತದೆ. ಇವತ್ತು ಒಂದು ತಾಯಿಮೀನನ್ನು ತೂಕಕ್ಕೆ ಎತ್ತಬೇಕಿತ್ತು. ಇಲ್ಲಿನ ಸೊಲಾಂಜ್ ಮೇಡಂ, "ನೀವು ಹಳೇ ಬೆಸ್ತರು, ಹಿಡಿಯೋದು ನಿಮಗೇ ಗೊತ್ತು" ಎಂದು ಅದನ್ನು ನನ್ನ ಕೈಗೇ ಒಪ್ಪಿಸಿದರು. ತಿನ್ನಲು ಏನಾದರೂ ಕೊಡುತ್ತೇನೇನೋ ಎಂದು ಅದು ನನ್ನ ತೋಳಿಗೆ ಮೂತಿ ಉಜ್ಜಿತು. ಅಷ್ಟರಲ್ಲಿ ನನ್ನ ಹೆಬ್ಬೆರಳು, ಸಂತೆಯಲ್ಲಿ ಮಾರುವ ಮೊಟ್ಟೆಗಾಗಿ ಕೊಯ್ಯುವ ಮುನ್ನ ಅಪ್ಪ ಒತ್ತುತ್ತಿದ್ದ ಹಾಗೆಯೇ, ಅದರ ಹೊಟ್ಟೆ ಒತ್ತಿ ಮೊಟ್ಟೆ ತುಂಬಿದೆಯೇ ಎಂದು ನೋಡಿಬಿಟ್ಟಿತು.

ಜೊತೆಗೆ ಬಂದಿದ್ದ ನಮ್ಮೂರ ಗಿಲೆಮ್, "ಏನೋ ಅರ್ನೋ, ಸಂತೆಗೆ ಒಯ್ತೀಯೇನೋ?" ಎಂದು ನಕ್ಕ. ಮೇಡಂ ನಗಲಿಲ್ಲ. "ಮೆಲ್ಲಗೆ ಯಜಮಾನ್ರೇ, ಇಂಥವು ಇನ್ನು ಕೆಲವೇ ಉಳಿದಿರೋದು" ಎಂದರು, ಅಷ್ಟೇ. ನೆಲ ಬಿರಿದಿದ್ದರೆ ಇಳಿದುಹೋಗುತ್ತಿದ್ದೆ.

ಮಂಡಿನೋವು ಕಡಿಮೆಯಾಗಿದೆ, ನೀನು ಕೊಟ್ಟ ಮುಲಾಮು ಹಚ್ಚುತ್ತಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ನಾಳೆ ಮರಿಗಳನ್ನು ಹೊಳೆಗೆ ಬಿಡುವುದಕ್ಕೂ ಮೇಡಂ ನನ್ನನ್ನೇ ಕರೆದಿದ್ದಾರೆ. ಇದೇ ಕೈಯನ್ನು ಚಾಚಬೇಕಲ್ಲ ಅಕ್ಕಾ.

ನಿನ್ನ ತಮ್ಮ,
ಅರ್ನೋ