ಡಬ್ಬಿಯಲ್ಲಿ ಏಳು ಗುಂಡಿ

ಹಳೇ ಸುಂಕದ ಮನೆ, ಬೆಟ್ಟದ ಬುಡ
ಮಂಗಳವಾರ, ಹತ್ತನೇ ತಾರೀಖು

ಪಿಟೀಲೇ,

ಬದುಕಿದ್ದೀಯಾ? ನಾನೂ ಬದುಕಿದ್ದೇನೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು.

ನಿನ್ನ ಕಾಗದ ಶನಿವಾರವೇ ಬಂತು. ನಾಲ್ಕು ಪುಟ, ಅದೂ ಇರುವೆ ಸಾಲಿನಂಥ ಅಕ್ಷರ. ಅಜ್ಜಿಗೆ ಬರೆಯುವಾಗಲಾದರೂ ಸ್ವಲ್ಪ ದಪ್ಪಗೆ ಬರೆಯಬಾರದೇನೇ? ಅಂಚೆಯವನನ್ನೇ ಕೂರಿಸಿ, ಚಹಾ ಕೊಟ್ಟು ಓದಿಸಿದೆ. ಎರಡು ಕಡೆ ಅವನು ಮೂಗೊರೆಸಿಕೊಂಡ. ಹುಟ್ಟಿದ ದಿನದಿಂದ ಒಂದೇ ಸಮ ಕುಯ್ ಎಂದು ಅಳುತ್ತಿದ್ದೆ ಅಂತ ನಿನಗೆ ಪಿಟೀಲು ಎಂದು ಹೆಸರಿಟ್ಟವಳು ನಾನೇ. ಈ ನಾಲ್ಕು ಪುಟದಲ್ಲೂ ಅದೇ ರಾಗ. ಓದಿ ಮುಗಿಸಿ ಅವನು, "ಹೋಗ್ಬನ್ನಿ ಅಜ್ಜಿ, ಎರಡು ಮಾತು ಹೇಳಿ ಬರೋದು ತಾನೆ? ನಾನೇ ಗಾಡೀಲಿ ಬಿಟ್ಟು ಬರ್ತೀನಿ" ಅಂದ. "ಕಾಗದ ಹೊರೋದು ನಿನ್ನ ಕೆಲಸ, ಮುದುಕೀರನ್ನ ಹೊರೋದಲ್ಲ" ಅಂತ ಎಬ್ಬಿಸಿ ಕಳಿಸಿದೆ.

ನೀನು ಕೇಳಿದ್ದು ನನಗೆ ಅರ್ಥವಾಗಿಲ್ಲ ಎಂದುಕೊಳ್ಳಬೇಡ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳಾದರೂ ತಲೆಯಲ್ಲಿ ಮಣ್ಣು ತುಂಬಿಲ್ಲ. ಭಾನುವಾರ ಹದಿನೈದಕ್ಕೆ, ಸಂಜೆ, ನಿಮ್ಮ ಸೈಕಲ್ ಸಂಘದಲ್ಲಿ ವಿಚಾರಣೆ. ಸಂಘದ ಹಿರಿಯರು, ರಸ್ತೆ ಇಲಾಖೆಯ ಅಧಿಕಾರಿ, ಹೆಂಡತಿ ಕಳೆದುಕೊಂಡ ದರ್ಜಿ, ಎಲ್ಲ ಕೂತಿರುತ್ತಾರೆ. ನಾನು ಎದ್ದು ನಿಂತು, "ಮೂರು ದಿನ ಕೂತು ಗಾಡಿ ಎಣಿಸಿದವಳು ನಾನು, ಏಳು ಅಂತ ಹೇಳಿದವಳು ನಾನು, ನನ್ನ ಮೊಮ್ಮಗಳು ನಾನು ಹೇಳಿದ್ದನ್ನು ಬರೆದುಕೊಂಡಳು" ಎನ್ನಬೇಕು. ಅಂದರೆ ನಿನ್ನ ಕೆಲಸ ಉಳಿಯುತ್ತದೆ. ಅನ್ನದಿದ್ದರೆ ಕಳ್ಳ ಲೆಕ್ಕ ಬರೆದು ಒಬ್ಬಳ ಪ್ರಾಣ ತೆಗೆದವಳು ಅಂತ ನಿನ್ನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಇಷ್ಟೇ ತಾನೆ?

ನಾನು ಬರುವುದಿಲ್ಲ.

ಮಂಡಿ ನೋವು. ಬಸ್ಸಿನ ಮೆಟ್ಟಿಲು ನನ್ನ ಎದೆಯೆತ್ತರ. ಮತ್ತೆ ನಾನು ಹೊರಟರೆ ಗೇಟು ನೋಡಿಕೊಳ್ಳುವವರು ಯಾರು? ಬೆಟ್ಟದೊಳಗೆ ಸುರಂಗ ಕೊರೆದು ಹೊಸ ಹೆದ್ದಾರಿ ಮಾಡಿದ ಮೇಲೆ ಈ ಹಳೇ ರಸ್ತೆಗೆ ಗಾಡಿಯೇ ಇಲ್ಲ, ಸುಂಕವೂ ಇಲ್ಲ. ಆದರೂ ಇಲಾಖೆಯವರು ಈ ಎರಡು ಕೋಣೆಯ ಮನೆ ನನಗೆ ಬಿಟ್ಟಿರುವುದು ಕಾವಲಿಗೆ ಅಂತ. ಇಲ್ಲಿ ಮೂವತ್ತೊಂದು ವರ್ಷ ಗೇಟಿನ ಕಂಬ ಎತ್ತಿ ಇಳಿಸಿದ್ದೇನೆ. ಎರಡನೇ ತಿರುವಿನಲ್ಲಿರುವಾಗಲೇ ಲಾರಿಯ ಸದ್ದು ಕೇಳಿ, ಹಳೆಯದೋ ಹೊಸದೋ, ಖಾಲಿಯೋ ತುಂಬಿದೆಯೋ ಹೇಳುತ್ತಿದ್ದೆ. ನಿನ್ನ ತಾತ ಹೊರಗೆ ಓಡಿ ನೋಡಿ ಬಂದು, "ಹೌದು ಕಣೇ, ನೀನು ಹೆಂಗಸೋ ಮಾಟಗಾತಿಯೋ" ಅನ್ನುತ್ತಿದ್ದರು. ಅವರ ಬಾಯಿಂದ ಬಂದ ಹೊಗಳಿಕೆ ಅದೊಂದೇ.

ಹೋದ ಚಳಿಗಾಲ ನೀನು ಸೈಕಲ್ ಏರಿ, ಮೂಗು ಕೆಂಪಗೆ ಮಾಡಿಕೊಂಡು ಬಂದದ್ದು ನೆನಪಿದೆಯಾ? ಮೇಜಿನ ಮೇಲೆ ನಕಾಶೆ ಹಾಸಿದೆ. ಸಮುದ್ರದ ಬದಿಗೆ ಒಂದು ಗೆರೆ, ಬೆಟ್ಟದ ಬುಡಕ್ಕೆ ಒಂದು ಗೆರೆ, ಎರಡೂ ಸೇರಿದರೆ ಪೂರ್ತಿ ಸುತ್ತು ಅಂದೆ. "ಮೋಟಾರು ಕಾಟ ಇಲ್ಲದ ದಾರಿ ಹುಡುಕ್ತಿದ್ದೀನಿ ಅಜ್ಜಿ" ಅಂದೆ. "ಕಾಟ ಇಲ್ಲದ ಗಂಡು ಸಿಗಲಿಲ್ಲ, ದಾರಿಯಾದ್ರೂ ಹುಡುಕ್ಕೋ" ಅಂದೆ ನಾನು. ನೀನು ನಕ್ಕೆ. ಅಳುವ ಹಾಗೆ ನಕ್ಕೆ, ಗೊತ್ತಾಯಿತು ನನಗೆ.

ನಿಮ್ಮ ಸಂಘದ ಪದ್ಧತಿಯನ್ನೂ ನೀನು ಅವತ್ತೇ ಹೇಳಿದೆ. ನೀನು ಸಂಘಕ್ಕೆ ಬರೆಯುವ ಸೈಕಲ್ ದಾರಿಗಳ ಪುಸ್ತಕದಲ್ಲಿ ಒಂದು ರಸ್ತೆಯನ್ನು ಹಸಿರು ಗೆರೆಯಾಗಿ ಹಾಕಬೇಕಾದರೆ ಅದರ ಬದಿಯಲ್ಲಿ ಒಬ್ಬರು ಮೂರು ದಿನ, ಬೆಳಗಿನಿಂದ ಕತ್ತಲಾಗುವವರೆಗೆ ಕೂತು, ಹೋಗುವ ಬರುವ ಮೋಟಾರು ಗಾಡಿಗಳನ್ನು ಎಣಿಸಬೇಕು. ದಿನಕ್ಕೆ ಐದು ದಾಟಬಾರದು. "ಅದಕ್ಕೆ ಸಂಬಳದವರು ಯಾಕೆ? ನಾನಿಲ್ವಾ?" ಅಂದೆ ನಾನು. ಬರೆಯುವುದು ರಗಳೆ, ಗಾಡಿಗೊಂದು ಗುಂಡಿ ಡಬ್ಬಿಗೆ ಹಾಕುತ್ತೇನೆ ಎಂದೆ. ಅಂಗಿಯ ಗುಂಡಿಗಳು, ದರ್ಜಿಯ ಹೆಂಡತಿ ತಂದುಕೊಟ್ಟವು. ಹೌದು, ಅವಳೇ. ಅದನ್ನೂ ಮರೆತಿಲ್ಲ.

ಮೂರು ದಿನ ಹೊರಗಿನ ಬೆಂಚಿನಿಂದ ಕದಲಲಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಏಳು ಗುಂಡಿ. ನೀನು ಡಬ್ಬಿ ಅಲ್ಲಾಡಿಸಿ ಕುಣಿದೆ.

ಆಮೇಲೆ ನೀನು ಪುಸ್ತಕದಲ್ಲಿ ಏನು ಬರೆದೆ? "ಇಲ್ಲಿ ನಡುರಸ್ತೆಯಲ್ಲೇ ಹಾಡಿಕೊಂಡು ಹೋಗಬಹುದು" ಅಂತ. ಯಾರು ಹೇಳಿದರು ನಿನಗೆ ಹಾಗೆ ಬರೆಯಲು? ನಾನು ಏಳು ಅಂದೆ. ಹಾಡು ಅಂದೆನಾ? ದರ್ಜಿಯ ಹೆಂಡತಿ ನಲವತ್ತು ದಾಟಿದ ಮೇಲೆ ಸೈಕಲ್ ಕಲಿತವಳು. ತುಳಿದರೆ ಆಚೆ ಈಚೆ ಓಲಾಡುತ್ತಿದ್ದಳು. "ಏನಮ್ಮ ಬಾತುಕೋಳಿ, ನೀರು ಎಲ್ಲಿ?" ಅಂತ ನಾನು ಕೂಗುತ್ತಿದ್ದೆ. ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ, ಅದೊಂದು ರೋಗ. ಪ್ರತಿ ಭಾನುವಾರ ಇಲ್ಲಿ ನಿಂತು ಚಹಾ ಕುಡಿದು, ನಿನ್ನ ಪುಸ್ತಕ ಬುಟ್ಟಿಯಲ್ಲಿಟ್ಟುಕೊಂಡು ಬೆಟ್ಟ ಹತ್ತುತ್ತಿದ್ದಳು. ನಡುರಸ್ತೆಯಲ್ಲೇ. ಹಾಡಿಕೊಂಡೇ. ಪುಸ್ತಕ ಹೇಳಿದ ಹಾಗೆ.

ಮನೆಯ ಮೇಲಿನ ತಿರುವಿನಲ್ಲಿ ಕಲ್ಲಿನ ಲಾರಿ ಅವಳ ಮೇಲೆ ಹೋಯಿತು. ಚಾಲಕ ಸಿಕ್ಕಿಬಿದ್ದು ಎಲ್ಲ ಒದರಿದನಂತೆ: ಹೆದ್ದಾರಿಯಲ್ಲಿ ಲಾರಿ ತೂಕ ಹಾಕುತ್ತಾರೆ, ಅದಕ್ಕೇ ಮಿತಿ ಮೀರಿ ಕಲ್ಲು ತುಂಬಿದ ಲಾರಿಗಳು ಎರಡು ವರ್ಷದಿಂದ ಈ ರಸ್ತೆಯಲ್ಲೇ ಇಳಿಯುತ್ತಿವೆ, ದಿನಕ್ಕೆ ಎಂಟು. ದಿನಕ್ಕೆ ಎಂಟು ಇಳಿಯುವ ಕಡೆ ಮೂರು ದಿನಕ್ಕೆ ಏಳು ಹೇಗೆ ಬಂತು ಅಂತ ನಿನ್ನನ್ನು ಕೇಳುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ನಿನಗೆ ತಿಳಿಸದ ಒಂದು ವಿಷಯ ಇದೆ. ಹೋದ ವಾರ ವಿಚಾರಣೆಯ ಹೆಂಗಸು ಇಲ್ಲಿಗೆ ಬಂದಿದ್ದಳು. ಒಳ್ಳೆಯ ಬೂಟು, ಠಕ್ ಠಕ್ ಅಂತ. ಲೆಕ್ಕದ ಹಾಳೆ ಮುಂದಿಟ್ಟು, "ಇದು ನಿಮ್ಮ ರುಜುವಾ ಅಜ್ಜಿ?" ಅಂದಳು. ನಾನು, "ಅಲ್ಲ" ಅಂದೆ. ಸುಳ್ಳಲ್ಲವಲ್ಲ! ಅವತ್ತು ನನ್ನ ಕೈ ಹಿಟ್ಟಾಗಿದೆ, ನೀನೇ ಹಾಕಿಬಿಡು ಅಂತ ನಾನು ಹೇಳಿದ್ದಕ್ಕೆ ನೀನೇ ಹಾಕಿದ್ದು. "ಹಾಗಾದ್ರೆ ಎಣಿಸಿದ್ದು ಯಾರು?" ಅಂದಳು. "ನನಗೇನಮ್ಮ ಗೊತ್ತು, ಮೊಮ್ಮಗಳು ಬಂದ್ಲು, ಚಹಾ ಕುಡಿದ್ಲು, ಏನೋ ಗೀಚಿಕೊಂಡು ಹೋದ್ಲು" ಅಂದೆ. ಅವಳು ಬರೆದುಕೊಂಡಳು. ಪೆನ್ನಿನ ಸದ್ದು ಬಹಳ ಹೊತ್ತು ಬಂತು.

ಡಬ್ಬಿಯನ್ನು ಅವತ್ತೇ ಹಳ್ಳಕ್ಕೆ ಎಸೆದೆ.

ಬೈದುಕೋ. ನೀನು ಬೈದರೂ ನನಗೆ ಕೇಳಿಸುವುದಿಲ್ಲ, ಅಷ್ಟು ದೂರ ಇದ್ದೀಯ. ನಿನಗೆ ಮೂವತ್ತು ವಯಸ್ಸು, ಎರಡು ಕಾಲು ಗಟ್ಟಿ ಇವೆ, ಈ ಕೆಲಸ ಹೋದರೆ ಇನ್ನೊಂದು. ಜೈಲಿಗೆ ಹಾಕಿದರೂ ಎಷ್ಟು ದಿನ? ಹೊರಗೆ ಬಂದ ಮೇಲೂ ನಿನಗೆ ಬದುಕು ಉಳಿದಿರುತ್ತದೆ. ನನ್ನನ್ನು ಇಲ್ಲಿಂದ ಎಬ್ಬಿಸಿದರೆ ಎಲ್ಲಿಗೆ? ನಿಮ್ಮಮ್ಮನ ಮೂರನೇ ಮಹಡಿಗೆ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ಕೋಣೆಗೆ. ಅವಳು ನನಗೆ ಚಮಚದಲ್ಲಿ ಊಟ ತಿನ್ನಿಸಿ ಪಕ್ಕದ ಮನೆಯವರಿಗೆಲ್ಲ ಫೋನು ಮಾಡಿ ಹೇಳುವುದಕ್ಕೆ. ನಾನು ಸತ್ತರೂ ಅಲ್ಲಿಗೆ ಹೋಗುವುದಿಲ್ಲ. ಸತ್ತ ಮೇಲೆ ಬೇಕಾದರೆ ಒಯ್ಯಲಿ.

ನಿನ್ನ ಮೇಲೆ ಪ್ರೀತಿ ಇಲ್ಲ ಅಂತ ತಿಳಿಯಬೇಡ. ನೀನು ಹಲ್ಲು ಉದುರಿಸಿಕೊಂಡು ಸೈಕಲ್ ಕಲಿತದ್ದು ಇದೇ ಗೇಟಿನ ಮುಂದೆ, ಸೀಟು ಹಿಡಿದು ಓಡಿದವಳು ನಾನು. ಒಂದು ದಿನ ನಿನಗೆ ಗೊತ್ತಾಗದ ಹಾಗೆ ಕೈ ಬಿಟ್ಟೆ. ನೀನು ದೂರ ಹೋಗಿ ತಿರುಗಿ ನೋಡಿ ಬಿದ್ದೆ. ಈಗಲೂ ಹಾಗೇ ಅಂದುಕೋ. ತಿರುಗಿ ನೋಡಬೇಡ.

ಸಾಲುಗಳು ಬೆಟ್ಟ ಹತ್ತಿ ಇಳಿದಿದ್ದರೆ ನಗಬೇಡ, ಪೆನ್ನು ಸರಿಯಿಲ್ಲ.

ನಿನ್ನ ಬಜಾರಿ ಅಜ್ಜಿ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಪೆನ್ನು ಚೆನ್ನಾಗಿಯೇ ಇದೆ. ಅಡ್ಡಪಟ್ಟಿ ಇಟ್ಟುಕೊಂಡು, ಮೂಗು ಕಾಗದಕ್ಕೆ ತಾಗಿಸಿ ಬರೆಯುತ್ತಿದ್ದೇನೆ. ಮೂರು ವರ್ಷವಾಯಿತು, ನನಗೆ ಕಣ್ಣು ಕಾಣುವುದಿಲ್ಲ. ಮೊಳದಾಚೆ ಎಲ್ಲ ಹಾಲು ಚೆಲ್ಲಿದ ಹಾಗೆ. ಇಲಾಖೆಯವರು ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸುತ್ತಾರೆ, ಸಾಲಿನಲ್ಲಿ ನನ್ನ ಮುಂದಿನವನು ಗೋಡೆಯ ಅಕ್ಷರ ಓದುವುದನ್ನು ಬಾಯಿಪಾಠ ಮಾಡಿಕೊಂಡು ಒಪ್ಪಿಸುತ್ತೇನೆ. ಡಾಕ್ಟರು ಬೆನ್ನು ತಟ್ಟುತ್ತಾನೆ. ಕುರುಡಿಯನ್ನು ಯಾರೂ ಕಾವಲಿಗೆ ಇಟ್ಟುಕೊಳ್ಳುವುದಿಲ್ಲ, ಹದಿನೈದರಂದು ಆ ಅಧಿಕಾರಿಯ ಎದುರಿಗೆ ನಿಂತು, ಎಂಟು ಯಾಕೆ ಕಾಣಲಿಲ್ಲ ಅಂದರೆ ನಾನು ಏನು ಹೇಳಲಿ?

ಬೆಂಚಿನ ಮೇಲೂ ಕೂತಿರಲಿಲ್ಲ. ಒಲೆಯ ಪಕ್ಕ ಬೆಚ್ಚಗೆ ಕೂತು ಕಿವಿಯಿಂದ ಎಣಿಸಿದೆ. ಮೂವತ್ತೊಂದು ವರ್ಷದ ಕಿವಿ, ತಪ್ಪುವುದಿಲ್ಲ ಅಂತ. ಆ ಹಾಳಾದವರು ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಬಿಡುತ್ತಾರಂತೆ. ಮೂರೂ ದಿನ ಆಗಾಗ ಬೆಟ್ಟದಿಂದ ಸುಯ್ ಅಂತ ಬರುತ್ತಿತ್ತು, ಕಿಟಕಿಯ ಗಾಜು ನಡುಗುತ್ತಿತ್ತು. ಗಾಳಿ ಅಂದುಕೊಂಡೆ.

ಆ ಭಾನುವಾರವೂ ಅದೇ ಗಾಳಿ. ಅವಳ ಸೈಕಲ್ಲಿನ ಗಂಟೆ ಮೇಲೆ ಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಕೂಗಿದೆ, "ಬಾತುಕೋಳೀ, ಗಾಳಿ ಬರ್ತಿದೆ, ಟೋಪಿ ಹಿಡ್ಕೋ!" ಅವಳು ನಕ್ಕಳು. ಹಿಡಿದುಕೊಂಡಳು ಅಂತಲೇ ಕಾಣುತ್ತದೆ, ಟೋಪಿ ಅವಳ ಕೈಯಲ್ಲೇ ಸಿಕ್ಕಿತಂತೆ.

ಇನ್ನೊಂದು. ನಿನ್ನ ಪುಸ್ತಕದ ಸಮುದ್ರದ ಬದಿಯ ಗೆರೆಯನ್ನೂ ನನ್ನ ತಂಗಿಯ ಮನೆ ಕಟ್ಟೆಯ ಮೇಲೆ ಕೂತು ನಾನೇ ಎಣಿಸಿ ಕೊಟ್ಟದ್ದು. ಒಂಬತ್ತು ಗುಂಡಿ. ಅಲ್ಲಿ ಅಲೆಯ ಸದ್ದು ಬಿಟ್ಟು ನನಗೆ ಏನೂ ಕೇಳಿಸಿರಲಿಲ್ಲ. ಒಂಬತ್ತು ಹಾಕಿದರೆ ನೀನು ಕುಣಿಯುತ್ತೀ ಅಂತ ಹಾಕಿದೆ. ಅಂಚೆಯವನು ಹೇಳಿದ, ಬರುವ ಭಾನುವಾರ ಬೆಳಿಗ್ಗೆ ನಿಮ್ಮ ಸಂಘದವರು ಅಲ್ಲಿ ನಲವತ್ತು ಮಕ್ಕಳ ಸವಾರಿ ಇಟ್ಟಿದ್ದಾರಂತೆ. ನಿಲ್ಲಿಸು. ಕಾರಣ ಕೇಳಿದರೆ ಅದನ್ನೂ ಮನೆಯಲ್ಲಿ ಕೂತು ನೀನೇ ಬರೆದದ್ದು ಅಂತ ಹೇಳು. ಒಂದು ಕಳ್ಳ ಲೆಕ್ಕ ಆಗಲೇ ನಿನ್ನ ಹೆಸರಲ್ಲಿದೆ, ಇನ್ನೊಂದು ಸೇರಿದರೆ ಹೆಚ್ಚು ಭಾರವಾಗದು.

ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ಹಾಕುತ್ತೀಯ, ನನಗೆ ಗೊತ್ತು. ಚಿಕ್ಕಂದಿನಿಂದ ನೀನು ನನ್ನ ಮಾತು ಮೀರಿದವಳಲ್ಲ.